ಮನೆಯಲ್ಲೇ ಮಕ್ಕಳಿಗೆ ಕಲಿಸುತ್ತಿರುವ ತಾಯಂದಿರೇ, ನಿಮ್ಮ ದಿನ ಹೇಗೆ ಸಾಗುತ್ತದೆ?

ಹಾಸನದ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವಿರುವುದು ಹಾಸನದಲ್ಲಿ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ಮಗಳು ಎರಡನೆಯ ತರಗತಿಯಲ್ಲಿದ್ದಾಗ, ಶಾಲೆಯ ವ್ಯಾನು ಬರುವ ಹೊತ್ತಿಗೆ ಸರಿಯಾಗಿ ದಿನವೂ ಹೊಟ್ಟೆನೋವೆಂದು ಮುದುಡಿಕೊಂಡು ಕೂರುತ್ತಿದ್ದಳು. ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ ಎಂದು ವೈದ್ಯರು ಹೇಳಿದರು. ಆ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ನಾವಿಬ್ಬರೂ ಯೋಚಿಸಿ ಅವಳನ್ನು ಶಾಲೆಯಿಂದ ಬಿಡಿಸಿದೆವು, ಮಗನನ್ನು ಸೇರಿಸಲೇ ಇಲ್ಲ. ಒಂದೇ ತಿಂಗಳಲ್ಲಿ ಅವಳ ಹೊಟ್ಟೆನೋವು ಹೋಯಿತು. ಈಗ ಎರಡನೆಯ ವರ್ಷ ನಡೆಯುತ್ತಿದೆ, ತಲೆನೋವು ನನಗೆ ಶುರುವಾಗಿದೆ.

ನಮ್ಮ ಫ್ರಿಜ್ಜಿನ ಮೇಲೆ ಒಂದು ವೇಳಾಪಟ್ಟಿ ಅಂಟಿಸಿದ್ದೇನೆ. ಒಂಬತ್ತೂವರೆಗೆ ಕನ್ನಡ, ಹತ್ತೂಕಾಲಿಗೆ ಗಣಿತ, ಹನ್ನೊಂದಕ್ಕೆ ಇಂಗ್ಲಿಷ್, ಹನ್ನೊಂದೂಮುಕ್ಕಾಲಿಗೆ ಪರಿಸರ ಅಧ್ಯಯನ, ಮಧ್ಯಾಹ್ನ ಚಿತ್ರಕಲೆ ಮತ್ತು ಹಿಂದಿ. ಇಷ್ಟು ತಿಂಗಳಲ್ಲಿ ಈ ಪಟ್ಟಿಯಂತೆ ಪೂರ್ತಿಯಾಗಿ ನಡೆದ ದಿನಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು. ಮಗಳಿಗೆ ಭಾಗಾಕಾರ ಹೇಳಿಕೊಡುತ್ತಿರುವಾಗ ಮಗ ಪೆನ್ಸಿಲ್ ಮುರಿದುಕೊಂಡು ಬರುತ್ತಾನೆ, ಅಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಅತ್ತೆಯವರು ಒಳಗಿನಿಂದ ಕರೆಯುತ್ತಾರೆ. ಒಂದು ಗಂಟೆಯ ಹೊತ್ತಿಗೆ ನಾನು ಕೂಗಾಡಿರುತ್ತೇನೆ, ರಾತ್ರಿ ಅದನ್ನೇ ನೆನೆದು ನಿದ್ದೆಗೆಡುತ್ತೇನೆ.

ಅತ್ತೆಯವರು ಕೆಟ್ಟವರಲ್ಲ. ಆದರೆ ನಾಲ್ಕು ಗಂಟೆಗೆ ಪಕ್ಕದ ಮನೆಯ ಮಕ್ಕಳು ಬ್ಯಾಗು ಹೊತ್ತು ಬರುವುದನ್ನು ನೋಡಿದಾಗಲೆಲ್ಲ, ನನಗೆ ಕೇಳುವಷ್ಟು ಗಟ್ಟಿಯಾಗಿ ಒಂದು ನಿಟ್ಟುಸಿರು ಬಿಡುತ್ತಾರೆ. ಕಳೆದ ತಿಂಗಳು ಒಂದು ಗೃಹಪ್ರವೇಶದಲ್ಲಿ ನೆಂಟರೊಬ್ಬರು ಎಲ್ಲರ ಎದುರಿಗೆ ನನ್ನ ಮಗಳಿಗೆ ಹದಿನೇಳರ ಮಗ್ಗಿ ಹೇಳು ಎಂದರು. ಅವಳು ಬಾಯಿಯನ್ನೇ ತೆರೆಯಲಿಲ್ಲ. ಹಿಂದಿರುಗುವಾಗ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ.

ಇದನ್ನು ಬರೆಯಲು ಕಾರಣವಾದದ್ದು ಮೊನ್ನೆ ನಡೆದ ಒಂದು ಸಣ್ಣ ಸಂಗತಿ. ಪಕ್ಕದ ಮನೆಯ ಹುಡುಗನ ಕೊರಳಿನಲ್ಲಿದ್ದ ಗುರುತಿನ ಚೀಟಿಯನ್ನು ನೋಡಿ ಬಂದ ಮಗ, ಬಿಸ್ಕತ್ತಿನ ಡಬ್ಬದ ರಟ್ಟು ಕತ್ತರಿಸಿ, ಉಲನ್ ದಾರ ಪೋಣಿಸಿ ತನಗೂ ಒಂದನ್ನು ಮಾಡಿಕೊಂಡಿದ್ದಾನೆ. ಕೆಳಗೆ ತನ್ನ ಹೆಸರು ಬರೆದಿದ್ದಾನೆ. ಶಾಲೆಯ ಹೆಸರಿರುವ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯದೆ, ನಮ್ಮ ಗೇಟಿನ ಫಲಕದಲ್ಲಿರುವುದನ್ನು ಹಾಗೆಯೇ ನೋಡಿ ಬರೆದಿದ್ದಾನೆ: "ನಾಯಿ ಇದೆ ಎಚ್ಚರಿಕೆ". ಯಜಮಾನರು ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ಅಳು ಬಂತು.

ಕಾನೂನು, ಪರೀಕ್ಷೆ ಇವುಗಳ ಬಗ್ಗೆಯೂ ಭಯವಿದೆ. ಆದರೆ ಮೊದಲು ಕೇಳಬೇಕಾದದ್ದು ಇದು: ಇಡೀ ದಿನ ಮನೆಯಲ್ಲಿ ಮಕ್ಕಳನ್ನಿಟ್ಟುಕೊಂಡು, ಅಡುಗೆ, ಬಟ್ಟೆ, ಹಿರಿಯರ ಔಷಧಿ ಎಲ್ಲವನ್ನೂ ನೋಡಿಕೊಂಡು, ನೀವು ಹೇಗೆ ಕಲಿಸುತ್ತೀರಿ? ನಿಮಗಾಗಿ ಒಂದು ಗಂಟೆಯಾದರೂ ಉಳಿಯುತ್ತದೆಯೇ?

ಕಾರಂಜಿ ಕೆರೆ ಪಕ್ಕ

ಮೊದಲು ಆ ವೇಳಾಪಟ್ಟಿಯನ್ನು ಫ್ರಿಜ್ಜಿನಿಂದ ಕಿತ್ತುಹಾಕಿ. ಇದನ್ನು ಸಮಾಧಾನಕ್ಕೆಂದು ಹೇಳುತ್ತಿಲ್ಲ. ಹನ್ನೊಂದು ವರ್ಷ ಮನೆಯಲ್ಲಿ ಕಲಿಸಿ, ಈಗ ಮಗನನ್ನು ಪದವಿ ಕಾಲೇಜಿಗೆ ಕಳುಹಿಸುತ್ತಿರುವವಳ ಮಾತೆಂದು ತೆಗೆದುಕೊಳ್ಳಿ. ನಾನೂ ಮೊದಲ ವರ್ಷ ಅಂಥದ್ದೇ ಒಂದನ್ನು ಮಾಡಿ, ಬಣ್ಣದ ಸ್ಕೆಚ್ ಪೆನ್ನಿನಿಂದ ಗೆರೆ ಹೊಡೆದಿದ್ದೆ.

ಒಂದು ಸಣ್ಣ ಲೆಕ್ಕ ನೋಡಿ. ತರಗತಿಯಲ್ಲಿ 40 ಮಕ್ಕಳು, ಪೀರಿಯಡ್ಡು 40 ನಿಮಿಷ ಎಂದಾದರೆ, ಹಾಜರಿ, ಗದ್ದಲ, ಬೋರ್ಡು ಒರೆಸುವುದು ಇವೆಲ್ಲವನ್ನೂ ಬಿಟ್ಟರೂ ಒಂದು ಮಗುವಿನ ಪಾಲಿಗೆ ಶಿಕ್ಷಕರು ಸಿಗುವುದು ಒಂದು ನಿಮಿಷ. ನೀವು ಮಗಳ ಪಕ್ಕದಲ್ಲಿ ಕುಳಿತು ಇಪ್ಪತ್ತು ನಿಮಿಷ ಭಾಗಾಕಾರ ಹೇಳಿಕೊಟ್ಟರೆ ಅದು ಎಷ್ಟು ಪೀರಿಯಡ್ಡಿಗೆ ಸಮ ಎಂದು ನೀವೇ ಎಣಿಸಿ. ಶಾಲೆಗೆ ಆರು ಗಂಟೆ ಬೇಕಾಗುವುದು ಅಲ್ಲಿ ನೂರಾರು ಮಕ್ಕಳಿರುವುದರಿಂದ. ನನ್ನ ಅನುಭವದಲ್ಲಿ ಒಂಬತ್ತು ವರ್ಷದವಳಿಗೆ ಕೂತು ಕಲಿಯಲು ದಿನಕ್ಕೆ ಎರಡು ಗಂಟೆ ಧಾರಾಳವಾಗಿ ಸಾಕು, ಆರರವನಿಗೆ ಮುಕ್ಕಾಲು ಗಂಟೆ, ಅದೂ ಎರಡು ಕಂತಿನಲ್ಲಿ. ಮಿಕ್ಕ ಹೊತ್ತನ್ನು ನೀವು ತುಂಬಿಸಬೇಕಾಗಿಲ್ಲ.

ಗಡಿಯಾರಕ್ಕೆ ಬದಲು ಊಟ ತಿಂಡಿಗೆ ಪಾಠವನ್ನು ಕಟ್ಟಿಹಾಕಿ. ನಮ್ಮಲ್ಲಿ ತಿಂಡಿಯಾದ ಮೇಲೆ ಗಣಿತ, ಊಟವಾದ ಮೇಲೆ ಓದು, ಇಷ್ಟೇ ಇತ್ತು. ತಿಂಡಿ ತಡವಾದ ದಿನ ಗಣಿತವೂ ತಡವಾಗುತ್ತಿತ್ತು, ಆದರೆ ಯಾರೂ "ತಪ್ಪಿಹೋಯಿತು" ಎಂದು ಕೊರಗುತ್ತಿರಲಿಲ್ಲ. ಇಡ್ಲಿಗೆ ನೆನೆಹಾಕುವಾಗ ನಾಲ್ಕು ಪಾವು ಸೇರಿದರೆ ಒಂದು ಸೇರು, ಎರಡು ಪಾವು ಅಚ್ಚೇರು ಎಂದು ಅಳೆದು ಸುರಿದ ಮಗುವಿಗೆ, ಕಾಲು ಮತ್ತು ಅರ್ಧವನ್ನು ಪುಸ್ತಕದಲ್ಲಿ ಹೊಸದಾಗಿ ಹೇಳಿಕೊಡಬೇಕಾಗಿ ಬರಲಿಲ್ಲ. ಹಾಗೆಂದು ಎಲ್ಲವೂ ಅಡುಗೆಮನೆಯಲ್ಲಿ ತಾನಾಗಿ ಬಂದುಬಿಡುತ್ತದೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಭಾಗಾಕಾರವನ್ನು ಕೂರಿಸಿಯೇ ಕಲಿಸಬೇಕು, ಕಾಗುಣಿತವನ್ನು ತಿದ್ದಿಸಿಯೇ ಬರೆಸಬೇಕು.

ಮಗನಿಗೆ ಎಂಟು ವರ್ಷವಿದ್ದಾಗ ನನಗೆ ಚಿಕೂನ್‌ಗುನ್ಯಾ ಬಂದು ಮೂರು ವಾರ ಕೈಬೆರಳು ಮಡಚಲಾಗಲಿಲ್ಲ. ಪಾಠ ಪೂರ್ತಿ ನಿಂತಿತು. ಹಾಲಿನವರ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಮಾತ್ರ ಅವನ ಪಾಲಿಗೆ ಬಂತು. ತಿಂಗಳ ಕೊನೆಗೆ ಹಾಲಿನವರು ಕೊಟ್ಟ ಚೀಟಿಯಲ್ಲಿ ಎರಡು ದಿನದ ಹಾಲು ಹೆಚ್ಚಿಗೆ ಬರೆದಿರುವುದನ್ನು ಕಂಡುಹಿಡಿದು, ಬಾಗಿಲಿನಲ್ಲಿ ನಿಂತು, "ಹದಿಮೂರು, ಹದಿನಾಲ್ಕು ನಾವು ಊರಿನಲ್ಲಿರಲಿಲ್ಲ" ಎಂದು ವಾದಿಸಿದ. ನಾನು ಮಲಗಿದ್ದಲ್ಲಿಂದಲೇ ಕೇಳಿಸಿಕೊಂಡೆ.

ಇನ್ನು ಪರೀಕ್ಷೆಯ ಭಯ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎಲ್ಲರೂ ಎನ್‌ಐಒಎಸ್ ಎನ್ನುವುದು, ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಕೇಂದ್ರ ಸರ್ಕಾರ ಅದನ್ನು ರಾಷ್ಟ್ರೀಯ ಮುಕ್ತ ಶಾಲೆಯೆಂಬ ಹೆಸರಿನಲ್ಲಿ 1989ರಲ್ಲಿ ಸ್ಥಾಪಿಸಿತು. ಹತ್ತನೆಯ ತರಗತಿಗೆ ಸಮನಾದ ಅದರ ಸೆಕೆಂಡರಿ ಹಂತಕ್ಕೆ 14 ವರ್ಷ ತುಂಬಿದವರು ನೋಂದಾಯಿಸಬಹುದು. ಐದು ವಿಷಯಗಳಲ್ಲಿ ತೇರ್ಗಡೆಯಾದರೆ ಪ್ರಮಾಣಪತ್ರ ಸಿಗುತ್ತದೆ, ಭಾಷೆಯಾಗಿ ಕನ್ನಡವನ್ನೂ ಆರಿಸಿಕೊಳ್ಳಬಹುದು. ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ನಡೆಯುತ್ತದೆ. ನೋಂದಣಿ ಐದು ವರ್ಷದವರೆಗೆ ಊರ್ಜಿತವಾಗಿರುತ್ತದೆ, ಎಲ್ಲ ವಿಷಯಗಳನ್ನೂ ಒಂದೇ ಸಲ ಬರೆಯಲೇಬೇಕೆಂಬ ಒತ್ತಾಯವಿಲ್ಲ. ನನ್ನ ಮಗ ಮೂರು ವಿಷಯ ಮೊದಲು, ಎರಡು ವಿಷಯ ಆಮೇಲೆ ಬರೆದು, ಅದೇ ಪ್ರಮಾಣಪತ್ರದಿಂದ ಪಿಯುಸಿಗೆ ಸೇರಿದ. ಆದರೆ ಅದು ಸುಲಭದ ದಾರಿಯೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮನೆಯಲ್ಲಿ ಬರೆದು ಒಪ್ಪಿಸುವ ನಿಯೋಜಿತ ಕಾರ್ಯಗಳ ಕೊನೆಯ ದಿನಾಂಕವನ್ನು ನೆನಪಿಟ್ಟುಕೊಂಡು ಬೆನ್ನುಹತ್ತುವುದೇ ಒಂದು ಉದ್ಯೋಗ. ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯೂ ಉಂಟು. ನಿಮ್ಮ ಮಗಳಿಗೆ ಇನ್ನೂ ಒಂಬತ್ತು. ಈ ಚಿಂತೆಯನ್ನು ನಾಲ್ಕು ವರ್ಷ ಅಟ್ಟಕ್ಕೆ ಹಾಕಿಡಿ.

ಹಾಸನದಿಂದ ಮೈಸೂರು ದೂರವೇನಲ್ಲ, ಒಮ್ಮೆ ಮಕ್ಕಳನ್ನು ಕರೆದುಕೊಂಡು ಬನ್ನಿ. ಶಾಲೆಯ ಮಕ್ಕಳಿಗೆ ಸಿಗದ ವಾರದ ನಡುವಿನ ದಿನಗಳೇ ನಮ್ಮ ಆಸ್ತಿ. ಕಾರಂಜಿ ಕೆರೆಯ ದಂಡೆಯಲ್ಲಿರುವ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ನಾವು ಒಂದೊಂದು ಸಲ ಇಡೀ ಬೆಳಿಗ್ಗೆ ಕಳೆದದ್ದಿದೆ. ಆದರೆ ಮೃಗಾಲಯಕ್ಕೆ ಮಂಗಳವಾರ ರಜೆ. ಇದನ್ನು ನಾನು ಕಲಿತದ್ದು ಬುತ್ತಿ ಕಟ್ಟಿಕೊಂಡು ಹೋಗಿ, ಮುಚ್ಚಿದ ಗೇಟಿನ ಎದುರು ಚಿತ್ರಾನ್ನ ತಿಂದು.

ಹಳೇ ಮೇಷ್ಟ್ರಮ್ಮ

ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮನೆಯಲ್ಲಿ ಕಲಿಸುವುದರ ಪರವಾಗಿ ನಾನಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ತಂಗಿ, ನಿಮ್ಮ ಕಷ್ಟ ನನಗೆ ಚೆನ್ನಾಗಿ ಗೊತ್ತು. ನಿಮ್ಮ ಮನೆಯಲ್ಲಿ ಇಬ್ಬರು, ನನ್ನ ಕೊಠಡಿಯಲ್ಲಿ ಒಂದನೆಯ ತರಗತಿಯಿಂದ ಮೂರನೆಯ ತರಗತಿಯವರೆಗಿನ ಇಪ್ಪತ್ತೆಂಟು ಮಕ್ಕಳು.

ನಲಿ-ಕಲಿ ಎಂಬ ಪದ್ಧತಿ ನಮ್ಮ ತಾಲ್ಲೂಕಿನಲ್ಲೇ 1995ರಲ್ಲಿ ಆರಂಭವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಅದರಲ್ಲಿ ಎಲ್ಲ ಮಕ್ಕಳಿಗೂ ಒಟ್ಟಿಗೆ ಒಂದೇ ಪಾಠ ಎಂಬುದೇ ಇಲ್ಲ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ, ಯಾವ ಮಗು ಯಾವ ಮೆಟ್ಟಿಲಿನಲ್ಲಿದೆಯೋ ಅಲ್ಲಿಂದ ಮುಂದುವರಿಯುತ್ತದೆ. ಒಂದು ಗುಂಪಿಗೆ ಶಿಕ್ಷಕರು ಪೂರ್ತಿಯಾಗಿ ಬೇಕು, ಇನ್ನೊಂದಕ್ಕೆ ನಡುನಡುವೆ ಬೇಕು, ಮತ್ತೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ಕೆಲವರು ತಾವೇ ಅಭ್ಯಾಸ ಮಾಡಿಕೊಳ್ಳುತ್ತಾರೆ. ಇದರ ಗುಟ್ಟು ಇಷ್ಟೇ: ಯಾವುದೇ ಹೊತ್ತಿನಲ್ಲಿ ನಾನು ಒಂದೇ ತಟ್ಟೆಯ, ಅಂದರೆ ಒಂದೇ ಗುಂಪಿನ, ಮುಂದೆ ಕೂತಿರುತ್ತಿದ್ದೆ. ನೀವು ಮಗಳಿಗೆ ಹೊಸ ಲೆಕ್ಕ ಹೇಳಿಕೊಡುವಾಗ ಮಗನಿಗೂ ಹೊಸದನ್ನು ಕೊಟ್ಟರೆ ಅವನು ಬಂದೇ ಬರುತ್ತಾನೆ. ಆಗ ಅವನಿಗೆ ಈಗಾಗಲೇ ಬರುವುದನ್ನು ಮಾಡಲು ಬಿಡಿ, ಹುಣಸೆಬೀಜ ಹತ್ತತ್ತಾಗಿ ಗುಡ್ಡೆ ಹಾಕಲಿ, ಅಕ್ಷರದ ಮೇಲೆ ಮಣಿ ಜೋಡಿಸಲಿ. ಅವನಿಗೆ ಹೊಸದನ್ನು ಕಲಿಸುವ ಹೊತ್ತಿಗೆ ಅವಳು ಓದಿಕೊಳ್ಳಲಿ. ವಾರಕ್ಕೆರಡು ದಿನ ಅವಳೇ ಅವನಿಗೆ ಹೇಳಿಕೊಡಲಿ. ಕಲಿಸುವ ಮಗುವಿಗೆ ಪಾಠ ಗಟ್ಟಿಯಾಗುವುದನ್ನು ನಾನು ನೂರಾರು ಸಲ ನೋಡಿದ್ದೇನೆ.

ಮಗನಿಗೆ ಅ ಆ ಇ ಈ ಎಂದು ಎಲ್ಲ ಅಕ್ಷರಗಳನ್ನೂ ತಿದ್ದಿಸಿದ ಮೇಲೇ ಪದ ಎಂದು ಕಾಯುತ್ತಿದ್ದೀರಾ? ನಾವು ರ, ಗ, ಸ, ದ, ಅ ಎಂಬ ಐದಕ್ಷರದಿಂದ ತೊಡಗುತ್ತಿದ್ದೆವು. ಐದು ಬಂದ ಕೂಡಲೇ ಸರ, ಅರಸ, ದಸರ, ಗರಗಸ ಎಂದು ಮಗು ಓದಿಯೇಬಿಡುತ್ತದೆ. ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿಯೇ ಸಿಗುತ್ತವೆ, ದುಬಾರಿ ಕಿಟ್ಟುಗಳಿಗೆ ಹಣ ಸುರಿಯಬೇಡಿ.

ಆ ಗುರುತಿನ ಚೀಟಿಯ ವಿಷಯ. "ಎಚ್ಚರಿಕೆ" ಎಂಬ ಪದದಲ್ಲಿ ಚಕಾರಕ್ಕೆ ಚಕಾರದ ಒತ್ತಿದೆ. ಆರು ವರ್ಷದವನು ಅದನ್ನು ನೋಡಿ ಬರೆದಿದ್ದಾನೆ, ಅದೂ ತಾನಾಗಿ, ಯಾರೂ ಹೇಳದೆ. ನನ್ನ ಕೊಠಡಿಯಲ್ಲಾಗಿದ್ದರೆ ಅದನ್ನು ಗೋಡೆಗೆ ಅಂಟಿಸುತ್ತಿದ್ದೆ. ನೀವು ಅತ್ತಿರಿ!

ಇನ್ನೊಂದು ಮಾತು, ಇದು ಪಾಠದ್ದಲ್ಲ. ನನಗೆ ನಾಲ್ಕೂವರೆಗೆ ಗಂಟೆ ಹೊಡೆಯುತ್ತಿತ್ತು. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಇನ್ನೊಬ್ಬ ಶಿಕ್ಷಕಿಯ ಜೊತೆ ಕೂತು, ಇವತ್ತು ಆ ಹುಡುಗ ನನ್ನ ಪ್ರಾಣ ತಿಂದ ಎಂದು ಬೈದುಕೊಳ್ಳಲು ಹತ್ತು ನಿಮಿಷ ಇರುತ್ತಿತ್ತು. ಮುಖ್ಯೋಪಾಧ್ಯಾಯರ ಮೇಲೆ ತಪ್ಪು ಹೊರಿಸಬಹುದಿತ್ತು, ಇಲಾಖೆಯ ಮೇಲೆ ಹೊರಿಸಬಹುದಿತ್ತು. ನಿಮಗೆ ಗಂಟೆಯೂ ಇಲ್ಲ, ಸ್ಟಾಫ್ ರೂಮೂ ಇಲ್ಲ, ತಪ್ಪೆಲ್ಲ ನಿಮ್ಮ ತಲೆಗೇ. ನೀವು ಸುಸ್ತಾಗಿರುವುದು ಕಲಿಸುವುದರಿಂದ ಅಲ್ಲವೆಂದು ನನಗೆ ತೋರುತ್ತದೆ. ದಿನದ ಒಂದು ತುಂಡನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿ, ಅದು ಹೇಗೆ ನಡೆಯಿತೆಂದು ಹೋಗಿ ನೋಡಬೇಡಿ.

ತುಂಗಾತೀರ

ನಾನು ಮೂರು ವರ್ಷ ಮನೆಯಲ್ಲಿ ಕಲಿಸಿ, ಆಮೇಲೆ ಇಬ್ಬರು ಮಕ್ಕಳನ್ನೂ ಶಾಲೆಗೆ ಸೇರಿಸಿದವಳು. ಇಂಥ ಚರ್ಚೆಗಳಲ್ಲಿ ನಮ್ಮಂಥವರು ಸಾಮಾನ್ಯವಾಗಿ ಬಾಯಿಬಿಡುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ಕೆಲಸ ಬಿಟ್ಟದ್ದರಿಂದ ಮನೆ ಸಾಲದ ಕಂತು ಕಟ್ಟುವುದು ಕಷ್ಟವಾಯಿತು, ಅಷ್ಟೇ ಕಾರಣ. ಮಕ್ಕಳಿಗೇನೂ ಕೊರತೆಯಾಗಿರಲಿಲ್ಲ.

ನೀವು ಕಾನೂನಿನ ಭಯ ಎಂದಿರಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 10ನೆಯ ಪ್ರಕರಣ, ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆನ್ನುತ್ತದೆ. ತೀವ್ರ ಅಂಗವೈಕಲ್ಯವಿರುವ ಮಕ್ಕಳ ಮಾತು ಬಿಟ್ಟರೆ, ಮನೆಯಲ್ಲಿ ಕಲಿಸುವುದರ ಬಗ್ಗೆ ಆ ಕಾಯ್ದೆಯಲ್ಲಿ ಏನೂ ಹೇಳಿಲ್ಲ, ಸೇರಿಸದ ಪಾಲಕರಿಗೆ ಇಂಥ ಶಿಕ್ಷೆ ಎಂದೂ ಅದರಲ್ಲಿ ಬರೆದಿಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಯ ಸಮಯದಲ್ಲಿ ನಮ್ಮ ಮನೆಗೂ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಶಿಕ್ಷಣ ಇಲಾಖೆಯ ಸಿಆರ್‌ಪಿಯವರು ಬಂದಿದ್ದರು. ಮಕ್ಕಳ ನೋಟುಪುಸ್ತಕ ತೋರಿಸಿದೆ, ಕಾಫಿ ಕುಡಿದು, ಹೆಸರು ಬರೆದುಕೊಂಡು ಹೋದರು. ಯಾರೂ ಹೆದರಿಸಲಿಲ್ಲ. ಆದರೆ ಪ್ರತಿ ತಿಂಗಳು ಏನು ಕಲಿತರೆಂದು ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ; ಬೇರೆ ಯಾರಿಗೂ ಬೇಕಾಗದಿದ್ದರೂ ರಾತ್ರಿ ನಿದ್ದೆ ಬಾರದಾಗ ನಿಮಗೆ ಬೇಕಾಗುತ್ತದೆ.

ಅದೇ ಕಾಯ್ದೆಯ 4ನೆಯ ಪ್ರಕರಣವನ್ನು ಮಾತ್ರ ಮರೆಯಬೇಡಿ. ಶಾಲೆಗೆ ಹೋಗದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಬೇಕಿದ್ದರೆ ವಿಶೇಷ ತರಬೇತಿ ಕೊಡಬೇಕು ಎಂದು ಅದು ಹೇಳುತ್ತದೆ. ಎಂಟನೆಯ ತರಗತಿಯವರೆಗೆ ಈ ಬಾಗಿಲು ತೆರೆದಿರುತ್ತದೆ. ನನ್ನ ಮಗಳು ನೇರವಾಗಿ ಆರನೆಯ ತರಗತಿಗೆ ಸರ್ಕಾರಿ ಶಾಲೆಗೆ ಸೇರಿದಳು. ಮೊದಲ ತಿಂಗಳು ಅವಳಿಗೆ ತೊಂದರೆಯಾದದ್ದು ಪಾಠದಲ್ಲಲ್ಲ. ನೀರು ಕುಡಿಯಲು ಕೈ ಎತ್ತಿ ಕೇಳಬೇಕೆಂಬುದು ಅವಳಿಗೆ ಅರ್ಥವೇ ಆಗುತ್ತಿರಲಿಲ್ಲ. ಹೀಗಾಗಿ ನೀವು ಇಡೀ ಬಾಳಿಗೆ ನಿರ್ಧಾರ ಮಾಡಬೇಕಾಗಿಲ್ಲ. ಬರುವ ಮಾರ್ಚಿನವರೆಗೆ ಮಾಡಿ, ಆಮೇಲೆ ಮತ್ತೆ ಯೋಚಿಸಿ.

ಡಲ್ಲಾಸ್ ಕನ್ನಡತಿ

ಇಲ್ಲಿ ಟೆಕ್ಸಾಸಿನಲ್ಲಿ ಮನೆಯಲ್ಲಿ ಕಲಿಸುವುದಕ್ಕೆ ಕಾನೂನಿನ ಮಾನ್ಯತೆ ಇದೆ. ಓದು, ಪದಗಳ ಅಕ್ಷರಜೋಡಣೆ, ವ್ಯಾಕರಣ, ಗಣಿತ, ಉತ್ತಮ ನಾಗರಿಕತೆ ಈ ಐದನ್ನು ಕಲಿಸಿದರಾಯಿತು, ಸರ್ಕಾರಕ್ಕೆ ಪರೀಕ್ಷೆಯ ಫಲಿತಾಂಶ ಒಪ್ಪಿಸಬೇಕಾಗಿಲ್ಲ. ಸುತ್ತಮುತ್ತ ಹೋಮ್‌ಸ್ಕೂಲ್ ಮಾಡುವ ಕುಟುಂಬಗಳು ಬೇಕಾದಷ್ಟಿವೆ. ಇಷ್ಟೆಲ್ಲ ಇದ್ದೂ ಒಂದು ಗಂಟೆಗೆ ನಾನೂ ಕೂಗಾಡುತ್ತೇನೆ ಎಂದು ಹೇಳಲೆಂದೇ ಬರೆಯುತ್ತಿದ್ದೇನೆ.

ಮೇಷ್ಟ್ರಮ್ಮ ಹೇಳಿದ ಹೆಗಲಿನ ಮಾತಿಗೆ ನನ್ನದೊಂದು ಸೇರ್ಪಡೆ. ನನ್ನ ಮಗನಿಗೆ ಕನ್ನಡ ಕಲಿಸುವುದು ನಾನಲ್ಲ, ಅರಸೀಕೆರೆಯಲ್ಲಿರುವ ನನ್ನ ಅತ್ತೆ. ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಎಂಟೂವರೆ ಆದಾಗ ಅಲ್ಲಿ ಬೆಳಿಗ್ಗೆ ಏಳು. ಅವರು ಕಾಫಿ ಲೋಟ ಹಿಡಿದು ವಿಡಿಯೋ ಕರೆ ಮಾಡುತ್ತಾರೆ, ಕಥೆ ಹೇಳುತ್ತಾರೆ, ಅವನು ನಾಲ್ಕು ಸಾಲು ಬರೆದು ಕ್ಯಾಮೆರಾಕ್ಕೆ ಹಿಡಿಯುತ್ತಾನೆ. ಮಗುವನ್ನು ಶಾಲೆಗೆ ಕಳಿಸುತ್ತಿಲ್ಲವೆಂದು ಅವರು ನನ್ನ ಜೊತೆ ಆರು ತಿಂಗಳು ಸರಿಯಾಗಿ ಮಾತನಾಡಿರಲಿಲ್ಲ. ಈಗ ನೆಂಟರ ಮನೆಯಲ್ಲಿ ಯಾರಾದರೂ ಆ ವಿಷಯ ಎತ್ತಿದರೆ ಉತ್ತರ ಕೊಡುವವರು ಅವರೇ. ನಿಮ್ಮ ಅತ್ತೆಯವರಂತೂ ಪಕ್ಕದ ಕೋಣೆಯಲ್ಲೇ ಇದ್ದಾರೆ.

ಹಾಸನದ ಅಮ್ಮ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ವೇಳಾಪಟ್ಟಿಯನ್ನು ಮಗಳ ಕೈಯಿಂದಲೇ ಕೀಳಿಸಿದೆ. ಅಂಟು ಮಾತ್ರ ಫ್ರಿಜ್ಜಿನ ಮೇಲೆ ಇನ್ನೂ ಹಾಗೆಯೇ ಇದೆ.

ಅತ್ತೆಯವರನ್ನು ಕೇಳಲು ನನಗೆ ನಾಲ್ಕು ದಿನ ಧೈರ್ಯ ಬರಲಿಲ್ಲ. ಕೊನೆಗೆ, ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಮಕ್ಕಳನ್ನು ನೋಡಿಕೊಳ್ಳುತ್ತೀರಾ, ಏನು ಬೇಕಾದರೂ ಕಲಿಸಿ ಎಂದೆ. ಅವರು ಏನೂ ಹೇಳದೆ ಎದ್ದು ಹೋಗಿ ಅಟ್ಟದಿಂದ ಅಳಗುಳಿ ಮಣೆ ಇಳಿಸಿಕೊಡು ಎಂದರು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಹುಣಸೆಬೀಜ. ಈಗ ಎರಡರಿಂದ ಮೂರು ಗಂಟೆಯವರೆಗೆ ಜಗಲಿಯಲ್ಲಿ ಆಟ ನಡೆಯುತ್ತದೆ. ಮೊದಲ ವಾರ ನಾನು ಒಳಗೆ ಮಲಗಿ ಕಿವಿಗೊಟ್ಟು ಕೇಳುತ್ತಿದ್ದೆ. ಎರಡನೆಯ ವಾರ ನಿದ್ದೆ ಬಂತು. ಮಗ ಮೋಸ ಮಾಡುತ್ತಾನೆಂದು ಅತ್ತೆಯವರು ದೂರು ಹೇಳುತ್ತಾರೆ, ಅವರೂ ಮಾಡುತ್ತಾರೆಂದು ಮಗಳು ಹೇಳುತ್ತಾಳೆ.

ಎಲ್ಲವೂ ಸರಿಹೋಯಿತೆಂದು ಬರೆಯಲಾರೆ. ಮೊನ್ನೆ ಗುರುವಾರ ಮತ್ತೆ ಕೂಗಾಡಿದೆ. ನಾಲ್ಕು ಗಂಟೆಯ ನಿಟ್ಟುಸಿರು ಕೂಡ ನಿಂತಿಲ್ಲ, ಸ್ವಲ್ಪ ಸಣ್ಣದಾಗಿದೆ ಅಷ್ಟೇ. ತುಂಗಾತೀರ ಅವರು ಹೇಳಿದಂತೆ ಮಾರ್ಚಿನವರೆಗೆ ಎಂದು ಯಜಮಾನರೂ ನಾನೂ ಮಾತನಾಡಿಕೊಂಡೆವು. ಶನಿವಾರದ ಗಣಿತ ಇನ್ನು ಮೇಲೆ ಅವರದ್ದು.

ಮೇಷ್ಟ್ರಮ್ಮನವರೇ, ಗುರುತಿನ ಚೀಟಿಯನ್ನು ಗೋಡೆಗೆ ಅಂಟಿಸೋಣವೆಂದರೆ ಮಗ ಕೊರಳಿನಿಂದ ತೆಗೆಯಲು ಒಪ್ಪುತ್ತಿಲ್ಲ. ಕಾರಂಜಿ ಕೆರೆ ಪಕ್ಕದವರೇ, ನಾವು ಮುಂದಿನ ವಾರ ಮೈಸೂರಿಗೆ ಬರುತ್ತಿದ್ದೇವೆ, ಅತ್ತೆಯವರೂ ಜೊತೆಗಿರುತ್ತಾರೆ. ಬುಧವಾರ.